ಮುಂಗಾರಿಗೆ ಮೊದಲೇ ಹಿರಿಯರಿಗೆ ಫ್ಲೂ ಲಸಿಕೆ: ಯಾವಾಗ, ಯಾವುದು, ಯಾರಿಗೆ?

ಸರಸ್ವತಿಪುರಂ ನಿವಾಸಿ

ಎಲ್ಲರಿಗೂ ನಮಸ್ಕಾರ. ನನ್ನ ತಂದೆಯವರಿಗೆ 71 ವರ್ಷ, ತಾಯಿಯವರಿಗೆ 66. ಇಬ್ಬರೂ ಪಾಂಡವಪುರ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿದ್ದಾರೆ. ತಂದೆಯವರು ಬಹಳ ವರ್ಷ ಆಲೆಮನೆಯಲ್ಲಿ, ಕಬ್ಬಿನ ಸಿಪ್ಪೆ ಉರಿಯುವ ಒಲೆಯ ಹೊಗೆಯಲ್ಲಿ ಕೆಲಸ ಮಾಡಿದವರಾದ್ದರಿಂದ ಅವರ ಶ್ವಾಸಕೋಶ ದುರ್ಬಲವಾಗಿದೆ. ದಿನವೂ ಇನ್‌ಹೇಲರ್ ಬಳಸುತ್ತಾರೆ, ಜೊತೆಗೆ ಸಕ್ಕರೆ ಕಾಯಿಲೆಯೂ ಇದೆ. ಕಳೆದ ವರ್ಷ ಆಷಾಢದಲ್ಲಿ ಸಣ್ಣ ಜ್ವರವೆಂದು ಶುರುವಾದದ್ದು ನಾಲ್ಕೈದು ದಿನಗಳಲ್ಲೇ ನ್ಯುಮೋನಿಯಾಕ್ಕೆ ತಿರುಗಿ, ಅವರನ್ನು ಮೈಸೂರಿಗೆ ಕರೆತಂದು ಆಕ್ಸಿಜನ್ ಕೊಡಿಸಬೇಕಾಯಿತು. ಗಂಟಲ ದ್ರವದ ಪರೀಕ್ಷೆಯಲ್ಲಿ ಇನ್‌ಫ್ಲುಯೆಂಜಾ ಎ, ಅಂದರೆ ಫ್ಲೂ, ಎಂದು ಬಂದಿತ್ತು.

ಮನೆಗೆ ಕಳುಹಿಸುವಾಗ ಕೊಟ್ಟ ಚೀಟಿಯ ಕೊನೆಯ ಸಾಲಿನಲ್ಲಿ, ಪ್ರತಿ ವರ್ಷ ಫ್ಲೂ ಲಸಿಕೆ ಹಾಕಿಸಬೇಕು ಎಂದು ಬರೆದಿದ್ದರು. ಈಗ ಮೇ ತಿಂಗಳು ಬಂದಿದೆ. ಅಂತರ್ಜಾಲದಲ್ಲಿ ಹುಡುಕಿದರೆ ಎಲ್ಲ ಕಡೆಯೂ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹಾಕಿಸಿಕೊಳ್ಳಿ ಎಂದಿದೆ. ಹಳ್ಳಿಯ ಕಡೆ ಕೇಳಿದರೆ, ಲಸಿಕೆ ಇರುವುದು ಮಕ್ಕಳಿಗೆ, ಮುದುಕರಿಗೆ ಎಂಥದ್ದು ಎನ್ನುತ್ತಾರೆ. ತಂದೆಯವರ ಮಾತೂ ಅದೇ. ದಮ್ಮು ಇರುವವರಿಗೆ ಈ ಲಸಿಕೆಯಿಂದ ತೊಂದರೆ ಆಗುವುದಿಲ್ಲವೇ? ಈಗ ಹಾಕಿಸಬೇಕೋ, ಅಕ್ಟೋಬರ್‌ವರೆಗೆ ಕಾಯಬೇಕೋ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಮಂಡ್ಯದ ವೈದ್ಯ

ಮೇಡಂ, ತಮ್ಮ ಪ್ರಶ್ನೆಗಳಲ್ಲಿ ಅತಿ ಮುಖ್ಯವಾದದ್ದು ಯಾವಾಗ ಎಂಬುದು. ಅದನ್ನೇ ಮೊದಲು ಹೇಳುತ್ತೇನೆ: ಅಕ್ಟೋಬರ್‌ವರೆಗೆ ಕಾಯಬೇಡಿ, ಈ ತಿಂಗಳಲ್ಲೇ ಹಾಕಿಸಿ.

ತಾವು ಓದಿದ ಅಕ್ಟೋಬರ್ ಲೆಕ್ಕ ಯುರೋಪು, ಅಮೆರಿಕದವರದ್ದು. ಅಲ್ಲಿ ಫ್ಲೂ ಏರುವುದು ಚಳಿಗಾಲದಲ್ಲಿ, ಆದ್ದರಿಂದ ಅವರು ಅದಕ್ಕೆ ಮುಂಚೆ ಹಾಕಿಸಿಕೊಳ್ಳುತ್ತಾರೆ. ನಮ್ಮ ದೇಶದಲ್ಲಿ ಅದು ವರ್ಷಕ್ಕೆ ಎರಡು ಸಲ ಏರುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಒಂದು ಸಲ, ಮುಂಗಾರು ಮಳೆಯಲ್ಲಿ ಮತ್ತು ಅದರ ಬೆನ್ನಿಗೇ ಇನ್ನೊಂದು ಸಲ. ಕಾಶ್ಮೀರದಂತಹ ಶೀತ ಪ್ರದೇಶವನ್ನು ಬಿಟ್ಟರೆ ದೇಶದ ಬಹುಭಾಗದಲ್ಲಿ ಮಳೆಗಾಲದ ಏರಿಕೆಯೇ ದೊಡ್ಡದು. ನಮ್ಮ ಜಿಲ್ಲೆಗಳಲ್ಲಿ ಜೂನ್‌ಗೆ ಶಾಲೆ ತೆರೆಯುತ್ತದೆ. ಜಿಟಿಜಿಟಿ ಮಳೆಗೆ ಬಸ್ಸಿನ ಕಿಟಕಿಗಳೆಲ್ಲ ಮುಚ್ಚುತ್ತವೆ. ಆಷಾಢ ಶುಕ್ರವಾರಗಳಂದು ಚಾಮುಂಡಿ ಬೆಟ್ಟದ ಸಾಲಿನಲ್ಲಿ ಸಾವಿರಾರು ಜನ ಭುಜಕ್ಕೆ ಭುಜ ತಾಗಿ ನಿಲ್ಲುತ್ತಾರೆ. ಅದರ ಹಿಂದೆಯೇ ಗೌರಿ ಗಣೇಶ, ಆಮೇಲೆ ದಸರಾ. ಲಸಿಕೆ ಹಾಕಿದ ಮೇಲೆ ದೇಹದಲ್ಲಿ ವೈರಾಣುವನ್ನು ಎದುರಿಸುವ ಪ್ರತಿಕಾಯಗಳು ಸಾಕಷ್ಟು ಬೆಳೆಯಲು ಸುಮಾರು ಎರಡು ವಾರ ಬೇಕು. ಮೇ ಮಧ್ಯಕ್ಕೆ ಹಾಕಿಸಿದರೆ ಶಾಲೆ ತೆರೆಯುವ ಹೊತ್ತಿಗೆ ರಕ್ಷಣೆ ಸಿದ್ಧವಾಗಿರುತ್ತದೆ.

ಪ್ರತಿ ವರ್ಷ ಯಾಕೆ ಎಂಬ ಪ್ರಶ್ನೆಯನ್ನು ತಮ್ಮ ತಂದೆಯವರು ಖಂಡಿತ ಕೇಳುತ್ತಾರೆ. ಅದಕ್ಕೆ ಎರಡು ಕಾರಣಗಳಿವೆ. ಫ್ಲೂ ವೈರಾಣು ತನ್ನ ಮೈಮೇಲಿನ ಎರಡು ಪ್ರೋಟೀನುಗಳನ್ನು ಸ್ವಲ್ಪ ಸ್ವಲ್ಪವೇ ಬದಲಿಸಿಕೊಳ್ಳುತ್ತಾ ಹೋಗುತ್ತದೆ. ಎಚ್1ಎನ್1, ಎಚ್3ಎನ್2 ಎಂಬ ಹೆಸರುಗಳಲ್ಲಿನ ಎಚ್ ಮತ್ತು ಎನ್ ಆ ಪ್ರೋಟೀನುಗಳನ್ನೇ ಸೂಚಿಸುತ್ತವೆ. ಹೀಗಾಗಿ ಹಿಂದಿನ ವರ್ಷದ ಪ್ರತಿಕಾಯ ಈ ವರ್ಷದ ವೈರಾಣುವನ್ನು ಸರಿಯಾಗಿ ಗುರುತಿಸದೆ ಹೋಗಬಹುದು. ಜೊತೆಗೆ ಲಸಿಕೆಯಿಂದ ಬಂದ ಶಕ್ತಿಯೂ ತಿಂಗಳುಗಳು ಕಳೆದಂತೆ ಕುಂದುತ್ತದೆ, ವಯಸ್ಸಾದವರಲ್ಲಿ ಇನ್ನೂ ಬೇಗ ಕುಂದುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ಜಗತ್ತಿನಾದ್ಯಂತ ಹರಡುತ್ತಿರುವ ತಳಿಗಳನ್ನು ನೋಡಿಕೊಂಡು ವರ್ಷಕ್ಕೆ ಎರಡು ಬಾರಿ ಲಸಿಕೆಯ ಘಟಕಗಳನ್ನು ನಿರ್ಧರಿಸುತ್ತದೆ. ಉತ್ತರ ಗೋಳಾರ್ಧದ ಲಸಿಕೆಗೆ ಫೆಬ್ರುವರಿಯಲ್ಲಿ, ದಕ್ಷಿಣ ಗೋಳಾರ್ಧದ ಲಸಿಕೆಗೆ ಸೆಪ್ಟೆಂಬರ್‌ನಲ್ಲಿ. ನಾವು ಭೂಪಟದಲ್ಲಿ ಉತ್ತರ ಗೋಳಾರ್ಧದಲ್ಲಿದ್ದರೂ ನಮ್ಮ ಮಳೆಗಾಲಕ್ಕೆ ಹೊಂದುವುದು ದಕ್ಷಿಣ ಗೋಳಾರ್ಧದ ಲಸಿಕೆ. ಏಕೆಂದರೆ ಮುಂಗಾರಿಗೆ ಮುಂಚೆ ಮಾರುಕಟ್ಟೆಗೆ ಬರುವ ಹೊಸ ಲಸಿಕೆ ಅದೇ.

ಇನ್ನು ದಮ್ಮಿನ ವಿಷಯ. ಶ್ವಾಸಕೋಶ ದುರ್ಬಲವಾಗಿದೆ ಎಂಬುದು ಲಸಿಕೆ ಬೇಡವೆನ್ನಲು ಕಾರಣವಲ್ಲ, ಲಸಿಕೆ ಬೇಕೇಬೇಕು ಎನ್ನಲು ಕಾರಣ. 65 ದಾಟಿದವರು, ದೀರ್ಘಕಾಲದ ಶ್ವಾಸಕೋಶ, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು, ಸಕ್ಕರೆ ಕಾಯಿಲೆಯವರು, ಗರ್ಭಿಣಿಯರು ಮತ್ತು ಚಿಕ್ಕ ಮಕ್ಕಳು, ಇವರಲ್ಲೇ ಫ್ಲೂ ಹೆಚ್ಚು ಅಪಾಯಕಾರಿ. ತಮ್ಮ ತಂದೆಯವರು ಈ ಪಟ್ಟಿಯಲ್ಲಿ ಮೂರು ಕಡೆ ಬರುತ್ತಾರೆ. ಹಾಕಿಸುವ ದಿನ ಜ್ವರವೋ ದಮ್ಮು ಉಲ್ಬಣವೋ ಇದ್ದರೆ ಇಳಿಯುವವರೆಗೆ ಮುಂದೂಡಿ. ಹಿಂದೆ ಯಾವಾಗಲಾದರೂ ಇದೇ ಲಸಿಕೆಗೆ ಅಥವಾ, ಮೊಟ್ಟೆಯ ಲೇಶವನ್ನು ಬಿಟ್ಟು, ಅದರಲ್ಲಿನ ಬೇರೆ ಯಾವುದಾದರೂ ಅಂಶಕ್ಕೆ ತೀವ್ರ ಅಲರ್ಜಿ ಆಗಿದ್ದವರು ಹಾಕಿಸಬಾರದು.

ಕುವೆಂಪುನಗರದ ಓದುಗ

ವೈದ್ಯರ ಮಾತಿಗೆ ಗೌರವವಿದೆ, ಆದರೂ ನನ್ನ ಅನುಭವವನ್ನು ಹೇಳಲೇಬೇಕು. ನಮ್ಮ ಕಚೇರಿಯಲ್ಲಿ ಶಿಬಿರ ನಡೆಸಿ ಎಲ್ಲರಿಗೂ ಈ ಲಸಿಕೆ ಹಾಕಿಸಿದ್ದರು. ಮರುದಿನವೇ ನನಗೆ ಮೈಕೈ ನೋವು ಮತ್ತು ಸಣ್ಣ ಜ್ವರ ಬಂತು. ಅದು ಹೋಗಲಿ ಎಂದರೆ, ಆ ಮಳೆಗಾಲದಲ್ಲಿ ಎರಡು ಸಲ ನೆಗಡಿ ಕೆಮ್ಮು ಹಿಡಿದು ವಾರಗಟ್ಟಲೆ ಬಿಡಲಿಲ್ಲ. ಲಸಿಕೆ ಹಾಕಿಸಿಕೊಳ್ಳದ ನನ್ನ ಅಣ್ಣನಿಗೆ ಏನೂ ಆಗಲಿಲ್ಲ. ಲಸಿಕೆಯೇ ಜ್ವರ ತರಿಸುತ್ತದೆ ಎಂಬ ಜನರ ಮಾತಿನಲ್ಲಿ ಸತ್ಯವಿಲ್ಲವೆಂದು ಹೇಗೆ ಹೇಳುವುದು? ಅಷ್ಟು ಹಣ ಕೊಟ್ಟು ಹಾಕಿಸಿಯೂ ಕಾಯಿಲೆ ಬರುವುದಾದರೆ ಪ್ರಯೋಜನವೇನು?

ಮಂಡ್ಯದ ವೈದ್ಯ

ಸರ್, ಇದು ಬಹಳ ಜನರ ಅನುಭವ, ಆದ್ದರಿಂದ ತಾವು ಬರೆದದ್ದು ಒಳ್ಳೆಯದಾಯಿತು.

ನಮ್ಮಲ್ಲಿ ತೋಳಿಗೆ ಹಾಕುವ ಫ್ಲೂ ಲಸಿಕೆಯಲ್ಲಿ ಜೀವಂತ ವೈರಾಣು ಇರುವುದಿಲ್ಲ. ಬೆಳೆಸಿದ ವೈರಾಣುವನ್ನು ರಾಸಾಯನಿಕವಾಗಿ ನಿಷ್ಕ್ರಿಯಗೊಳಿಸಿ, ಒಡೆದು, ಅದರ ತುಣುಕುಗಳನ್ನು ಮಾತ್ರ ಉಳಿಸಿಕೊಂಡಿರುತ್ತಾರೆ. ಅದರಿಂದ ಫ್ಲೂ ಬರುವುದು ಸಾಧ್ಯವಿಲ್ಲ. ಮರುದಿನ ಬಂದ ಮೈಕೈ ನೋವು ಮತ್ತು ಸಣ್ಣ ಜ್ವರ ತಮ್ಮ ರೋಗನಿರೋಧಕ ವ್ಯವಸ್ಥೆ ಆ ತುಣುಕುಗಳನ್ನು ಗುರುತಿಸಿ ಕೆಲಸಕ್ಕೆ ಇಳಿದದ್ದರ ಲಕ್ಷಣ. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ತಾನಾಗಿ ಹೋಗುತ್ತದೆ, ಬೇಕಿದ್ದರೆ ಪ್ಯಾರಾಸಿಟಮಾಲ್ ಸಾಕು.

ಮಳೆಗಾಲದ ನೆಗಡಿ ಬೇರೆ ವಿಷಯ. ನೆಗಡಿ ತರುವ ವೈರಾಣುಗಳು ಹತ್ತಾರು ಬಗೆಯವು: ರೈನೋವೈರಸ್, ಅಡಿನೋವೈರಸ್, ಆರ್‌ಎಸ್‌ವಿ ಹೀಗೆ. ಫ್ಲೂ ಲಸಿಕೆ ಇವುಗಳಲ್ಲಿ ಒಂದನ್ನೂ ತಡೆಯುವುದಿಲ್ಲ. ನೆಗಡಿ ನಿಧಾನವಾಗಿ ಮೂಗಿನಿಂದ ಶುರುವಾಗುತ್ತದೆ. ಫ್ಲೂ ಹಾಗಲ್ಲ. ಬೆಳಿಗ್ಗೆ ಗದ್ದೆಗೆ ಹೋದವರು ಮಧ್ಯಾಹ್ನಕ್ಕೆ ನಡುಗುತ್ತಾ ಬಂದು ಹಾಸಿಗೆ ಹಿಡಿಯುತ್ತಾರೆ, ಮೈಯೆಲ್ಲ ಜಜ್ಜಿದಂತೆ ನೋವು, ಒಣ ಕೆಮ್ಮು. ತಮಗೆ ಬಂದದ್ದು ನೆಗಡಿ ಮತ್ತು ಕೆಮ್ಮು ಎಂದು ತಾವೇ ಬರೆದಿದ್ದೀರಿ.

ಇಷ್ಟಾಗಿಯೂ ಲಸಿಕೆ ಪೂರ್ಣ ರಕ್ಷಣೆ ಕೊಡುವುದಿಲ್ಲ ಎಂಬುದನ್ನು ನಾನು ಮುಚ್ಚಿಡುವುದಿಲ್ಲ, ರೋಗಿಗಳಿಗೂ ಮುಚ್ಚಿಡಬಾರದು. ಲಸಿಕೆಯ ತಳಿಯೂ ಹರಡುತ್ತಿರುವ ತಳಿಯೂ ಚೆನ್ನಾಗಿ ಹೊಂದಿದ ವರ್ಷಗಳಲ್ಲಿ ಅದು ವೈದ್ಯರ ಬಳಿಗೆ ಹೋಗಬೇಕಾದಂತಹ ಫ್ಲೂ ಬರುವ ಸಾಧ್ಯತೆಯನ್ನು ಶೇಕಡ 40ರಿಂದ 60ರಷ್ಟು ತಗ್ಗಿಸುತ್ತದೆ, ಹೊಂದದ ವರ್ಷಗಳಲ್ಲಿ ಅದಕ್ಕಿಂತ ಕಡಿಮೆ. ಆರೋಗ್ಯವಂತ ಯುವಕನಿಗೆ ಅದು ಒಂದು ವಾರದ ರಜೆ ಉಳಿಸಬಹುದು, ಅಷ್ಟೆ. ಆದರೆ ಈ ಮೇಡಂ ಅವರ ತಂದೆಯಂಥವರಿಗೆ ಲಸಿಕೆ ಹಾಕುವುದರ ಉದ್ದೇಶ ಸೀನು ಬಾರದಿರಲಿ ಎಂಬುದಲ್ಲ, ಜ್ವರ ಬಂದರೂ ಅದು ಎದೆಗಿಳಿದು ಐಸಿಯುವರೆಗೆ ಹೋಗದಿರಲಿ ಎಂಬುದು. ಹೆಲ್ಮೆಟ್ ಹಾಕಿದವರೂ ಬೀಳುತ್ತಾರೆ, ತಲೆ ಉಳಿಯುತ್ತದೆ. ಜಗತ್ತಿನಲ್ಲಿ ಪ್ರತಿ ವರ್ಷ 30ರಿಂದ 50 ಲಕ್ಷ ಜನರಿಗೆ ತೀವ್ರ ಸ್ವರೂಪದ ಫ್ಲೂ ಬರುತ್ತದೆ ಮತ್ತು ಅದರಿಂದ ಉಂಟಾಗುವ ಉಸಿರಾಟದ ತೊಂದರೆಯಿಂದ 2.9 ಲಕ್ಷದಿಂದ 6.5 ಲಕ್ಷ ಜನ ಸಾಯುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ದೂರ ಹೋಗುವುದೇ ಬೇಡ, 2023ರ ಮಾರ್ಚ್‌ನಲ್ಲಿ ಪಕ್ಕದ ಹಾಸನ ಜಿಲ್ಲೆಯಲ್ಲಿ 82 ವರ್ಷದ ಹಿರಿಯರೊಬ್ಬರು ಎಚ್3ಎನ್2 ಸೋಂಕಿನಿಂದ ತೀರಿಕೊಂಡದ್ದನ್ನು ಪತ್ರಿಕೆಗಳಲ್ಲಿ ನಾವೆಲ್ಲ ಓದಿದ್ದೇವೆ.

ಶ್ರೀರಂಗಪಟ್ಟಣದ ಔಷಧ ವ್ಯಾಪಾರಿ

ಲಸಿಕೆ ಕೊಳ್ಳುವವರು ಗಮನಿಸಬೇಕಾದ ಕೆಲವು ಸಂಗತಿಗಳನ್ನು ಹೇಳುವುದು ನನ್ನ ಕರ್ತವ್ಯ, ಏಕೆಂದರೆ ದಿನವೂ ಕೌಂಟರಿನ ಈಚೆ ನಿಂತು ನೋಡುತ್ತೇನೆ.

ಪೆಟ್ಟಿಗೆಯ ಮೇಲೆ ಮುಕ್ತಾಯದ ದಿನಾಂಕವಷ್ಟೇ ನೋಡಿದರೆ ಸಾಲದು, ಯಾವ ವರ್ಷದ ತಳಿ ಎಂಬುದನ್ನೂ ನೋಡಬೇಕು. ಎಸ್‌ಎಚ್ ಎಂದಿದ್ದು ಪಕ್ಕದಲ್ಲಿ ಈ ವರ್ಷದ ಅಂಕಿ ಇದ್ದರೆ ಅದು ದಕ್ಷಿಣ ಗೋಳಾರ್ಧದ ಈ ವರ್ಷದ ಲಸಿಕೆ. ಎನ್‌ಎಚ್ ಎಂದಿದ್ದು ಎರಡು ವರ್ಷಗಳನ್ನು ಜೋಡಿಸಿ ಬರೆದಿದ್ದರೆ ಅದು ಉತ್ತರ ಗೋಳಾರ್ಧದ್ದು, ಕಳೆದ ಚಳಿಗಾಲಕ್ಕೆ ಬಂದದ್ದು. ಮೇ ತಿಂಗಳಲ್ಲಿ ಅಂಗಡಿಗಳಲ್ಲಿ ಎರಡೂ ಇರುವ ಸಂಭವವಿದೆ. ಕೇಳದೆ ಇದ್ದರೆ ಹಳೆಯದನ್ನೇ ಕೊಟ್ಟುಬಿಡಬಹುದು, ಆದ್ದರಿಂದ ಕೇಳಿ ಪಡೆಯಿರಿ. ಬಂದಿರದಿದ್ದರೆ ವಿತರಕರಿಂದ ತರಿಸಿಕೊಡಲು ಹೇಳಿ.

ಮೂರು ತಳಿಯದ್ದೋ ನಾಲ್ಕು ತಳಿಯದ್ದೋ ಎಂದು ಅನೇಕರು ವಿಚಾರಿಸುತ್ತಾರೆ. ನಾಲ್ಕನೆಯದಾಗಿದ್ದ ಬಿ ಯಮಗಾಟ ಎಂಬ ತಳಿ 2020ರ ಮಾರ್ಚ್ ನಂತರ ಜಗತ್ತಿನಲ್ಲಿ ಎಲ್ಲಿಯೂ ಹರಡುತ್ತಿರುವುದು ಖಚಿತವಾಗಿ ಕಂಡುಬಂದಿಲ್ಲ. ಅದನ್ನು ಕೈಬಿಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2023ರಲ್ಲಿ ಹೇಳಿತು. ಹಾಗಾಗಿ ಮೂರು ತಳಿಯದ್ದು ಸಿಕ್ಕರೆ ಏನೋ ಕಡಿಮೆಯಾಯಿತೆಂದು ಬಿಟ್ಟು ಬರಬೇಡಿ.

ಎಲ್ಲಕ್ಕಿಂತ ದೊಡ್ಡ ವಿಷಯ ತಂಪು. ಈ ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೇ ಇರಬೇಕು. ಮೈಸೂರಿನಿಂದ ಹಳ್ಳಿಗೆ ಕೊಂಡೊಯ್ಯುವವರು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬೈಕಿನ ಡಿಕ್ಕಿಯಲ್ಲಿಟ್ಟರೆ ಮೇ ತಿಂಗಳ ಬಿಸಿಲಿಗೆ ಅದು ಕೆಡಬಹುದು, ಆದರೆ ನೋಡಲು ಏನೂ ಬದಲಾಗಿರುವುದಿಲ್ಲ. ಇನ್ನು ಕೆಲವರು ಅತಿ ಜಾಗ್ರತೆಯಿಂದ ಐಸ್ ಗಡ್ಡೆಯ ನಡುವೆಯೇ ಹುದುಗಿಸುತ್ತಾರೆ. ಹೆಪ್ಪುಗಟ್ಟಿದರೂ ಈ ಲಸಿಕೆ ನಿರುಪಯುಕ್ತ. ನಾನು ಕೊಡುವಾಗ ಐಸ್ ಪ್ಯಾಕನ್ನು ಮೇಲಿನ ಬೆವರು ಬರುವವರೆಗೆ ಹೊರಗಿಟ್ಟು, ಬಟ್ಟೆಯಲ್ಲಿ ಸುತ್ತಿ, ಥರ್ಮಾಕೋಲ್ ಡಬ್ಬಿಯ ಬದಿಗಿರಿಸಿ, ಲಸಿಕೆಯ ಪೆಟ್ಟಿಗೆ ಅದಕ್ಕೆ ನೇರವಾಗಿ ತಾಗದಂತೆ ನಡುವೆ ರಟ್ಟು ಇಟ್ಟು ಕಟ್ಟುತ್ತೇನೆ. ಆದರೂ ನನ್ನ ಸಲಹೆ ಕೇಳಿದರೆ, ಲಸಿಕೆಯನ್ನು ಮನುಷ್ಯರ ಬಳಿಗೆ ಒಯ್ಯುವುದಕ್ಕಿಂತ ಮನುಷ್ಯರನ್ನು ಲಸಿಕೆ ಇರುವ ಕಡೆಗೆ ಕರೆತರುವುದು ಒಳ್ಳೆಯದು. ಹಾಕಿದ ಮೇಲೆ ಬ್ಯಾಚ್ ನಂಬರಿನ ಚೀಟಿಯನ್ನು ಬಿಲ್ಲಿಗೆ ಅಂಟಿಸಿಕೊಂಡು ಇಟ್ಟುಕೊಳ್ಳಿ.

ಬೆಲೆ ಕಂಪನಿಯಿಂದ ಕಂಪನಿಗೆ ಬೇರೆ. ಒಂದು ಡೋಸಿಗೆ ಒಂದೂವರೆ ಸಾವಿರದಿಂದ ಎರಡು ಸಾವಿರದ ಆಸುಪಾಸು ಎಂದು ಇಟ್ಟುಕೊಳ್ಳಿ.

ನಾಗಮಂಗಲದ ಶಿಕ್ಷಕಿ

ನಮಸ್ಕಾರ. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ನಮ್ಮ ಹಾಜರಿ ಪುಸ್ತಕದಲ್ಲಿ ಗೈರು ಏರುವುದನ್ನು ಪ್ರತಿ ವರ್ಷ ನೋಡುತ್ತೇನೆ. ಒಂದು ಬೆಂಚಿನಲ್ಲಿ ಒಬ್ಬರಿಗೆ ಬಂದರೆ ವಾರದೊಳಗೆ ಆ ಸಾಲೇ ಖಾಲಿ. ಆ ಮಕ್ಕಳು ಮನೆಯಲ್ಲಿ ಮಲಗುವುದು ಅಜ್ಜಿ ತಾತಂದಿರ ಮಗ್ಗುಲಲ್ಲಿ.

ನನ್ನ ಮಗನ ತಾಯಿ ಕಾರ್ಡಿನಲ್ಲಿ ಪೆಂಟಾವೇಲೆಂಟ್ ಲಸಿಕೆ ಮೂರೂ ಡೋಸ್ ಆಗಿದೆ. ಅದರಲ್ಲಿ ಇನ್‌ಫ್ಲುಯೆಂಜಾ ಎಂಬ ಹೆಸರಿದೆ. ಹಾಗಾದರೆ ಅವನಿಗೆ ಫ್ಲೂ ಲಸಿಕೆ ಆದಂತೆಯೇ? ನಮ್ಮ ಶಾಲೆಯ ತಾಯಂದಿರಲ್ಲಿ ಅನೇಕರು ಹಾಗೆಯೇ ತಿಳಿದಿದ್ದಾರೆ.

ಮೈಸೂರಿನ ನಿವೃತ್ತ ನರ್ಸ್

ಆಗಿಲ್ಲಮ್ಮ. ಪೆಂಟಾವೇಲೆಂಟ್‌ನಲ್ಲಿ ಇರುವುದು ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ ಮತ್ತು ಹಿಬ್, ಈ ಐದರ ವಿರುದ್ಧ ರಕ್ಷಣೆ. ಹಿಬ್ ಎಂದರೆ ಹೀಮೋಫಿಲಸ್ ಇನ್‌ಫ್ಲುಯೆಂಜೆ ಬಿ. ಅದು ಬ್ಯಾಕ್ಟೀರಿಯಾ, ಮಿದುಳು ಪೊರೆಯ ಉರಿಯೂತ ಮತ್ತು ನ್ಯುಮೋನಿಯಾ ತರುವಂಥದ್ದು. ಅದಕ್ಕೂ ಫ್ಲೂ ವೈರಾಣುವಿಗೂ ಸಂಬಂಧವಿಲ್ಲ. ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದ ಉಚಿತ ಪಟ್ಟಿಯಲ್ಲಿ ಫ್ಲೂ ಲಸಿಕೆ ಸೇರಿಲ್ಲ, ಆದ್ದರಿಂದ ಮಗುವಿಗೆ ಬೇಕೆಂದೇ ಕೇಳಿ ಹಾಕಿಸಿದ್ದರೆ ಮಾತ್ರ ಆಗಿರುತ್ತದೆ.

ಆರು ತಿಂಗಳು ತುಂಬಿದ ಮಗುವಿನಿಂದ ಈ ಲಸಿಕೆ ಕೊಡಬಹುದು. ಐದು ವರ್ಷದವರೆಗೆ ಪ್ರತಿ ವರ್ಷ ಕೊಡಬೇಕೆಂದು ಭಾರತೀಯ ಮಕ್ಕಳ ತಜ್ಞರ ಸಂಘ ಹೇಳುತ್ತದೆ. ಒಂಬತ್ತು ವರ್ಷದೊಳಗಿನ ಮಗುವಿಗೆ ಮೊದಲ ಸಲ ಹಾಕಿಸುವಾಗ ನಾಲ್ಕು ವಾರಗಳ ಅಂತರದಲ್ಲಿ ಎರಡು ಡೋಸ್ ಬೇಕು, ಮರುವರ್ಷದಿಂದ ಒಂದೇ. ಶಾಲೆ ತೆರೆಯುವ ಮುನ್ನಾದಿನ ಓಡಿ ಬರುವವರಿಗೆ ಎರಡನೆಯ ಡೋಸ್ ಜೂನ್ ಕೊನೆಗೆ ಹೋಗುತ್ತದೆ.

ಆರು ತಿಂಗಳೊಳಗಿನ ಕೂಸಿಗೆ ಲಸಿಕೆಯೇ ಇಲ್ಲ. ಅದನ್ನು ಕಾಪಾಡುವ ದಾರಿ ತಾಯಿಯ ಮೂಲಕ. ಗರ್ಭಿಣಿಗೆ ಯಾವ ತಿಂಗಳಲ್ಲಾದರೂ ಈ ಲಸಿಕೆ ಹಾಕಬಹುದು. ತಾಯಿಯಲ್ಲಿ ಬೆಳೆದ ಪ್ರತಿಕಾಯಗಳು ಹೊಟ್ಟೆಯಲ್ಲಿರುವ ಮಗುವಿಗೆ ದಾಟಿ, ಹುಟ್ಟಿದ ಮೇಲೆ ಮೊದಲ ತಿಂಗಳುಗಳಲ್ಲಿ ಅದನ್ನು ಕಾಯುತ್ತವೆ. ಗರ್ಭಿಣಿಗೆ ಫ್ಲೂ ಬಂದರೆ ಎಷ್ಟು ಬೇಗ ಉಸಿರು ಕಟ್ಟುತ್ತದೆ ಎಂಬುದನ್ನು 2009ರ ಎಚ್1ಎನ್1 ಕಾಲದಲ್ಲಿ ವಾರ್ಡುಗಳಲ್ಲಿ ನಿಂತು ನೋಡಿದವಳು ನಾನು. ಆದರೂ ಬಸುರಿಗೆ ಸೂಜಿ ಬೇಡ ಎನ್ನುವ ಅತ್ತೆಯಂದಿರು ಇಂದಿಗೂ ಇದ್ದಾರೆ. ಅವರೇ ಧನುರ್ವಾಯು ತಡೆಯುವ ಚುಚ್ಚುಮದ್ದಿಗೆ ಸೊಸೆಯನ್ನು ಕೈಹಿಡಿದು ಕರೆತರುತ್ತಾರೆ. ಒಮ್ಮೆ ಬಿಡಿಸಿ ಹೇಳಿದರೆ ಒಪ್ಪುತ್ತಾರೆ, ಹೇಳುವವರು ಬೇಕು.

ಅಗ್ರಹಾರದ ಹಿರಿಯ

ನನಗೆ 74 ವರ್ಷ. ನಮ್ಮದು ಕಟ್ಟುನಿಟ್ಟಿನ ಸಸ್ಯಾಹಾರಿ ಮನೆತನ. ಈ ಲಸಿಕೆಯನ್ನು ಕೋಳಿಮೊಟ್ಟೆಯಲ್ಲಿ ತಯಾರಿಸುತ್ತಾರೆಂದು ತಿಳಿದು ನನ್ನ ಮನೆಯವರು ಹಿಂಜರಿಯುತ್ತಿದ್ದಾರೆ. ಇದು ನಿಜವೇ, ನಿಜವಾದರೆ ಅದರಲ್ಲಿ ಮೊಟ್ಟೆಯ ಅಂಶ ಎಷ್ಟು ಉಳಿದಿರುತ್ತದೆ ಎಂಬುದನ್ನು ವೈದ್ಯರು ತಿಳಿಸಬೇಕಾಗಿ ವಿನಂತಿ.

ಮಂಡ್ಯದ ವೈದ್ಯ

ನಿಜ, ಹಿರಿಯರೇ. ನಮ್ಮಲ್ಲಿ ಹೆಚ್ಚಾಗಿ ಸಿಗುವ ಫ್ಲೂ ಲಸಿಕೆಗಾಗಿ ವೈರಾಣುವನ್ನು ಭ್ರೂಣವಿರುವ ಕೋಳಿಮೊಟ್ಟೆಯಲ್ಲಿ ಬೆಳೆಸುತ್ತಾರೆ. ಆನಂತರ ಅದನ್ನು ಬೇರ್ಪಡಿಸಿ ಹಲವು ಹಂತಗಳಲ್ಲಿ ಶುದ್ಧೀಕರಿಸುತ್ತಾರೆ. 0.5 ಮಿಲಿಲೀಟರ್ ಡೋಸಿನಲ್ಲಿ ಮೊಟ್ಟೆಯ ಪ್ರೋಟೀನಿನ ಲೇಶವಷ್ಟೇ ಉಳಿದಿರುತ್ತದೆ. ಮೊಟ್ಟೆಯ ಅಲರ್ಜಿ ಇರುವವರಿಗೂ ಈಗ ಇದನ್ನು ಕೊಡಬಹುದೆಂದು ಒಪ್ಪಲಾಗಿದೆ, ಅಷ್ಟು ಅಲ್ಪ ಅದು. ಮೊಟ್ಟೆಯಿಲ್ಲದೆ, ಜೀವಕೋಶಗಳಲ್ಲಿ ತಯಾರಿಸುವ ವಿಧಾನಗಳೂ ಇವೆ. ಅಂಥದ್ದು ತರಿಸಿಕೊಡಲು ಆಗುತ್ತದೆಯೇ ಎಂದು ತಮ್ಮ ಔಷಧ ಅಂಗಡಿಯವರನ್ನು ವಿಚಾರಿಸಬಹುದು. ಆಚಾರದ ವಿಷಯದಲ್ಲಿ ನಿರ್ಧಾರ ತಮ್ಮದೇ, ಅದರ ಮೇಲೆ ನಾನು ಒತ್ತಡ ಹೇರುವುದಿಲ್ಲ.

ಅಗ್ರಹಾರದ ಹಿರಿಯ

ಮುಚ್ಚುಮರೆಯಿಲ್ಲದೆ ಹೇಳಿದ್ದಕ್ಕೆ ಕೃತಜ್ಞತೆಗಳು. ಮನೆಯಲ್ಲಿ ಕುಳಿತು ಮಾತನಾಡಿದೆವು. 1805ರ ಸುಮಾರಿನಲ್ಲಿ ಐರಿಷ್ ಚಿತ್ರಕಾರ ಥಾಮಸ್ ಹಿಕಿ ಬರೆದನೆನ್ನಲಾದ ಮೈಸೂರು ಅರಮನೆಯ ಮೂವರು ಸ್ತ್ರೀಯರ ಚಿತ್ರವೊಂದಿದೆ. ಸಿಡುಬಿನ ಲಸಿಕೆಯ ಬಗ್ಗೆ ಜನರಿಗೆ ಧೈರ್ಯ ತುಂಬಲೆಂದು ಅದನ್ನು ಬರೆಸಲಾಯಿತೆಂದು ಇತಿಹಾಸಕಾರರು ಗುರುತಿಸಿದ್ದಾರೆ. ಆ ಲಸಿಕೆಯ ಮೂಲ ಹಸುವಿನ ಸಿಡುಬು. ಆ ಕಾಲದ ಅರಮನೆಯವರು ಅದಕ್ಕೆ ತೋಳು ಒಡ್ಡಿದ್ದರೆ, ಔಷಧವೆಂದು ನಾವು ಇದನ್ನು ಸ್ವೀಕರಿಸಲು ಅಡ್ಡಿಯಿಲ್ಲವೆಂದು ನನಗೆ ತೋರಿತು. ನನ್ನ ಪತ್ನಿಯೂ ಒಪ್ಪಿದ್ದಾರೆ. ಇಬ್ಬರೂ ಹಾಕಿಸಿಕೊಳ್ಳುತ್ತೇವೆ.

ಬನ್ನಿಮಂಟಪ ನಿವಾಸಿ

ನನ್ನ ಯಜಮಾನರಿಗೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿದ್ದೇವೆ. ಫ್ಲೂಗೂ ಹೃದಯಕ್ಕೂ ಏನು ಸಂಬಂಧ ಎಂದು ಅವರು ಕೇಳುತ್ತಿದ್ದಾರೆ. ಜೊತೆಗೆ ಈ ಲಸಿಕೆಯಿಂದ ಕೈಕಾಲು ಸ್ವಾಧೀನ ತಪ್ಪುತ್ತದೆಂಬ ಒಂದು ವಾಟ್ಸ್ಆ್ಯಪ್ ಸಂದೇಶವೂ ಬಂದಿದೆ. ಹೆದರಿಕೆಯಾಗಿದೆ.

ಮಂಡ್ಯದ ವೈದ್ಯ

ಸಂಬಂಧವಿದೆ ತಾಯಿ. ಫ್ಲೂ ಬಂದಾಗ ದೇಹದಲ್ಲಿ ಉರಿಯೂತ ಏರುತ್ತದೆ, ರಕ್ತ ಹೆಪ್ಪುಗಟ್ಟುವ ಪ್ರವೃತ್ತಿ ಹೆಚ್ಚುತ್ತದೆ, ಹೃದಯದ ಬಡಿತ ಜೋರಾಗುತ್ತದೆ. ಈಗಾಗಲೇ ಕಿರಿದಾದ ರಕ್ತನಾಳಕ್ಕೆ ಇದು ದೊಡ್ಡ ಹೊರೆ. ಹೃದಯಾಘಾತವಾದವರಿಗೆ ಆಸ್ಪತ್ರೆಯಲ್ಲಿರುವಾಗಲೇ ಫ್ಲೂ ಲಸಿಕೆ ಅಥವಾ ಬರಿಯ ಉಪ್ಪುನೀರಿನ ಚುಚ್ಚುಮದ್ದು ಕೊಟ್ಟು ಹೋಲಿಸಿದ ಐಎಎಂಐ ಎಂಬ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಬಾಂಗ್ಲಾದೇಶವೂ ಸೇರಿ ಎಂಟು ದೇಶಗಳ 2,571 ರೋಗಿಗಳನ್ನು ಅದರಲ್ಲಿ ಸೇರಿಸಿಕೊಂಡಿದ್ದರು. ಒಂದು ವರ್ಷದಲ್ಲಿ ಸಾವು, ಮತ್ತೆ ಹೃದಯಾಘಾತ ಅಥವಾ ಸ್ಟೆಂಟ್ ಮುಚ್ಚಿಕೊಳ್ಳುವುದು, ಇವುಗಳಲ್ಲಿ ಯಾವುದಾದರೊಂದು ಲಸಿಕೆ ಪಡೆದವರಲ್ಲಿ ಶೇಕಡ 5.3ರಷ್ಟು ಜನರಿಗೆ, ಪಡೆಯದವರಲ್ಲಿ ಶೇಕಡ 7.2ರಷ್ಟು ಜನರಿಗೆ ಆಯಿತು. ಈ ವ್ಯತ್ಯಾಸ ಒಂದೇ ಒಂದು ಚುಚ್ಚುಮದ್ದಿನಿಂದ ಬಂದದ್ದು.

ಆ ಸಂದೇಶ ಹೇಳುವುದು ಗಿಲನ್ ಬಾರೆ ಎಂಬ ನರಗಳ ಕಾಯಿಲೆ ಇರಬೇಕು. 1976ರಲ್ಲಿ ಅಮೆರಿಕದಲ್ಲಿ ಹಂದಿಜ್ವರದ ವಿರುದ್ಧ ಹಾಕಿದ ಲಸಿಕೆಯಿಂದ ಸುಮಾರು ಒಂದು ಲಕ್ಷ ಜನರಲ್ಲಿ ಒಬ್ಬರಿಗೆ ಹೆಚ್ಚುವರಿಯಾಗಿ ಅದು ಬಂದದ್ದು ನಿಜ. ಇಂದಿನ ಲಸಿಕೆಗಳಲ್ಲಿ ಅಂಥ ಅಪಾಯವಿದ್ದರೂ ಅದು ಹತ್ತು ಲಕ್ಷ ಡೋಸಿಗೆ ಒಂದೋ ಎರಡೋ. ಫ್ಲೂ ಸೋಂಕಿನ ಬಳಿಕವೂ ಅದೇ ಕಾಯಿಲೆ ಬರಬಹುದು. ಹಿಂದೆ ಫ್ಲೂ ಲಸಿಕೆಯಾದ ಆರು ವಾರದೊಳಗೆ ಗಿಲನ್ ಬಾರೆ ಬಂದಿದ್ದವರು ಮಾತ್ರ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ತಮ್ಮ ಯಜಮಾನರಿಗೆ ಹಾಕಿಸಿ. ಸ್ಟೆಂಟಿಗಾಗಿ ಕೊಡುತ್ತಿರುವ ಮಾತ್ರೆಗಳನ್ನು ಅದಕ್ಕಾಗಿ ಒಂದು ದಿನವೂ ನಿಲ್ಲಿಸಬೇಡಿ.

ಮದ್ದೂರಿನ ರೈತ

ಎಲ್ಲರ ಮಾತನ್ನೂ ಓದಿದೆ. ತಿಳಿವಳಿಕೆ ಬಂತು. ಆದರೆ ಒಂದು ಮಾತನ್ನು ಯಾರೂ ಎತ್ತಲಿಲ್ಲ. ನಮ್ಮ ಮನೆಯಲ್ಲಿ ಅಪ್ಪ, ಅವ್ವ, ನಾವಿಬ್ಬರು, ಎರಡು ಮಕ್ಕಳು. ಒಬ್ಬರಿಗೆ ಎರಡು ಸಾವಿರದಂತೆ ಹಾಕಿದರೆ ಹನ್ನೆರಡು ಸಾವಿರವಾಗುತ್ತದೆ, ಮಕ್ಕಳಿಗೆ ಎರಡನೆಯ ಡೋಸ್ ಎಂದರೆ ಇನ್ನೂ ಮೇಲೆ. ಕಬ್ಬಿನ ಬಾಕಿ ಬಾರದಿರುವಾಗ, ಮುಂಗಾರಿನ ಬಿತ್ತನೆ, ಗೊಬ್ಬರ, ಶಾಲೆಯ ಶುಲ್ಕ ಎಲ್ಲವೂ ಒಟ್ಟಿಗೆ ಬಾಗಿಲಲ್ಲಿ ನಿಂತಿರುವ ಮೇ ತಿಂಗಳಲ್ಲೇ ಈ ಹಣವನ್ನೂ ಹೊಂದಿಸಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿದರೆ ಇಲ್ಲ ಎಂದರು, ಅವರ ತಪ್ಪೇನೂ ಇಲ್ಲ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಸರ್ಕಾರವೇ ಉಚಿತವಾಗಿ ಕೊಡುತ್ತಿದೆ. ಅದೇ ಸಕ್ಕರೆ ಕಾಯಿಲೆಯ ವೃದ್ಧರಿಗೆ ವರ್ಷಕ್ಕೊಂದು ಲಸಿಕೆಯನ್ನೂ ಕೊಡಬೇಕೆಂದು ಕೇಳುವುದು ಅತಿಯಾಸೆ ಎಂದು ನನಗೆ ಅನಿಸುವುದಿಲ್ಲ. ನಮ್ಮ ಗ್ರಾಮಸಭೆಯಲ್ಲಿ ಇದನ್ನು ಬರಹದಲ್ಲೇ ಕೊಡುತ್ತೇನೆ.

ಅದು ಆಗುವಾಗ ಆಗಲಿ. ಈ ವರ್ಷ ನನಗೆ ಇಬ್ಬರಿಗೆ ಹಾಕಿಸುವಷ್ಟೇ ಶಕ್ತಿಯಿದೆ. ಯಾರಿಗೆ ಹಾಕಿಸಲಿ?

ಮಂಡ್ಯದ ವೈದ್ಯ

ಅಣ್ಣ, ತಾವು ಕೇಳಿದ್ದು ನ್ಯಾಯವಾದ ಮಾತು. ಆರೋಗ್ಯ ಕಾರ್ಯಕರ್ತರಿಗೆ ಆದ್ಯತೆ ಕೊಡಬೇಕೆಂದು ಮಾರ್ಗಸೂಚಿಯಿದೆ, ಆದರೆ ಮನೆಯ ವೃದ್ಧರಿಗೆ ಉಚಿತವಾಗಿ ತಲುಪಿಸುವ ವ್ಯವಸ್ಥೆ ಆಗಬೇಕು. ನಾವು ವೈದ್ಯರೂ ಅದಕ್ಕೆ ದನಿಗೂಡಿಸಬೇಕು.

ಇಬ್ಬರಿಗೆ ಮಾತ್ರ ಆಗುವುದಾದರೆ ಅಪ್ಪ, ಅವ್ವನಿಗೆ ಹಾಕಿಸಿ. ಮನೆಯಲ್ಲಿ ಯಾರಾದರೂ ಗರ್ಭಿಣಿಯಿದ್ದರೆ, ಅಥವಾ ಉಬ್ಬಸವಿರುವ ಮಗುವಿದ್ದರೆ ಅವರನ್ನೂ ಮುಂದಕ್ಕೆ ತನ್ನಿ. ತಾವು ಮತ್ತು ತಮ್ಮ ಮನೆಯವರು ಆರೋಗ್ಯವಾಗಿದ್ದರೆ ಈ ವರ್ಷ ಕಾಯಬಹುದು. ಉಳಿದವರಿಗೆ ಜ್ವರ ಬಂದರೆ ವೃದ್ಧರ ಕೋಣೆಯಿಂದ ಒಂದು ವಾರ ದೂರವಿರಲಿ, ಕೆಮ್ಮುವಾಗ ಟವೆಲ್ ಅಡ್ಡವಿರಲಿ, ಕಿಟಕಿ ತೆರೆದಿರಲಿ. ಲಕ್ಷಣ ಕಾಣುವುದಕ್ಕೆ ಒಂದು ದಿನ ಮೊದಲೇ ಈ ವೈರಾಣು ಹರಡತೊಡಗುತ್ತದೆ.

ಲಸಿಕೆ ಹಾಕಿಸಿದ್ದರೂ, ಹಾಕಿಸದಿದ್ದರೂ, ಇದನ್ನು ಎಲ್ಲರೂ ನೆನಪಿಡಿ. ಸಣ್ಣ ಜ್ವರ, ಕೆಮ್ಮು, ಗಂಟಲು ನೋವು ಮಾತ್ರವಿದ್ದು ಆರೋಗ್ಯವಂತರಾಗಿದ್ದರೆ ಪರೀಕ್ಷೆಯೂ ಬೇಡ, ಆ್ಯಂಟಿಬಯಾಟಿಕ್ ಅಂತೂ ಬೇಡವೇ ಬೇಡ. ವಿಶ್ರಾಂತಿ, ಗಂಜಿ, ನೀರು, ಪ್ಯಾರಾಸಿಟಮಾಲ್ ಸಾಕು. ಮೆಣಸು ಜೀರಿಗೆಯ ಕಷಾಯ ಕುಡಿಯುವವರು ಕುಡಿಯಲಿ, ಗಂಟಲಿಗೆ ಹಿತ. ಮಕ್ಕಳಿಗೆ ಆಸ್ಪಿರಿನ್ ಮಾತ್ರ ಕೊಡಲೇಬೇಡಿ. ವೃದ್ಧರು, ಗರ್ಭಿಣಿಯರು, ಸಕ್ಕರೆ ಕಾಯಿಲೆ ಅಥವಾ ದಮ್ಮು ಇರುವವರಿಗೆ ಜ್ವರ ಬಂದರೆ ಎರಡು ದಿನ ನೋಡೋಣವೆಂದು ಕಾಯಬೇಡಿ. ಒಸೆಲ್ಟಾಮಿವಿರ್ ಎಂಬ ಮಾತ್ರೆಯಿದೆ, ಲಕ್ಷಣ ಶುರುವಾದ 48 ಗಂಟೆಯೊಳಗೆ ಆರಂಭಿಸಿದರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಏದುಸಿರು, ಎದೆನೋವು, ಮಂಪರು, ಕಫದಲ್ಲಿ ರಕ್ತ, ಉಗುರು ನೀಲಿಗಟ್ಟುವುದು, ಇವುಗಳಲ್ಲಿ ಒಂದು ಕಂಡರೂ ನೇರವಾಗಿ ದೊಡ್ಡಾಸ್ಪತ್ರೆಗೆ ಹೊರಡಿ.

ಸರಸ್ವತಿಪುರಂ ನಿವಾಸಿ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಈ ಚರ್ಚೆಯನ್ನು ತಂದೆಯವರಿಗೆ ಫೋನಿನಲ್ಲಿ ಓದಿ ಹೇಳಿದೆ. ಐಸಿಯುವರೆಗೆ ಹೋಗದಿರಲಿ ಎಂಬ ಸಾಲಿಗೆ ಬಂದಾಗ, ಯಾವತ್ತು ಬರಬೇಕು ಹೇಳು ಎಂದರು. ಭಾನುವಾರ ಇಬ್ಬರನ್ನೂ ಮೈಸೂರಿಗೆ ಕರೆತರುತ್ತಿದ್ದೇನೆ, ಲಸಿಕೆಯನ್ನು ಹಳ್ಳಿಗೆ ಒಯ್ಯುವ ಯೋಚನೆ ಬಿಟ್ಟಿದ್ದೇನೆ. ಈ ವರ್ಷದ ಎಸ್‌ಎಚ್ ಲಸಿಕೆ ಬಂದಿದೆಯೆಂದು ಕ್ಲಿನಿಕ್ಕಿನವರು ಖಚಿತಪಡಿಸಿದ್ದಾರೆ.

ಎರಡು ಪ್ರಶ್ನೆಗಳು ಉಳಿದಿವೆ. ತಂದೆಯವರಿಗೆ ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾದ ವಿರುದ್ಧದ ನ್ಯುಮೋಕಾಕಲ್ ಲಸಿಕೆಯನ್ನೂ ಹೇಳಿದ್ದಾರೆ, ಎರಡನ್ನೂ ಒಂದೇ ದಿನ ಹಾಕಿಸಬಹುದೇ? ತಾಯಿಯವರು ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಾರೆ, ಅವರಿಗೆ ತೋಳಿನ ಸೂಜಿ ಆಗುತ್ತದೆಯೇ?

ಮೈಸೂರಿನ ನಿವೃತ್ತ ನರ್ಸ್

ಎರಡನ್ನೂ ಒಂದೇ ದಿನ ಹಾಕಿಸಬಹುದು, ಒಂದು ಎಡತೋಳಿಗೆ, ಇನ್ನೊಂದು ಬಲತೋಳಿಗೆ. ನ್ಯುಮೋಕಾಕಲ್ ಪ್ರತಿ ವರ್ಷದ್ದಲ್ಲ, ಮುಂದಿನ ಡೋಸ್ ಬೇಕೇ ಎಂಬುದನ್ನು ವೈದ್ಯರಿಂದ ಚೀಟಿಯಲ್ಲೇ ಬರೆಸಿಕೊಳ್ಳಿ.

ತಾಯಿಯವರಿಗೂ ಆಗುತ್ತದೆ. ಮಾತ್ರೆ ನಿಲ್ಲಿಸುವುದು ಬೇಡ. ಸೂಜಿ ಹಾಕುವವರಿಗೆ ಮೊದಲೇ ತಿಳಿಸಿದರೆ ಸಣ್ಣ ಸೂಜಿ ತೆಗೆದುಕೊಳ್ಳುತ್ತಾರೆ. ಹಾಕಿದ ಜಾಗವನ್ನು ಉಜ್ಜದೆ, ಹತ್ತಿಯಿಟ್ಟು ಎರಡು ನಿಮಿಷಕ್ಕಿಂತ ಹೆಚ್ಚು ಹೊತ್ತು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಸಡಿಲ ತೋಳಿನ ರವಿಕೆ ಹಾಕಿಕೊಂಡು ಬರಲು ಹೇಳಿ, ಮೇಲ್ದೋಳು ಪೂರ್ತಿ ಕಾಣಬೇಕು. ತಂದೆಯವರು ತಿಂಡಿ ತಿಂದು, ಸಕ್ಕರೆ ಕಾಯಿಲೆಯ ಮಾತ್ರೆ, ಇನ್‌ಹೇಲರ್ ಎಲ್ಲವನ್ನೂ ಎಂದಿನಂತೆ ಮುಗಿಸಿಯೇ ಹೊರಡಲಿ. ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕುಳಿತಿದ್ದು, ಆಮೇಲೆ ಊರಿಗೆ ಹೊರಡಬಹುದು.